ಆರಾಳು ಹೊತ್ತ ಇಂಜಿನ್ನು

ಹಬ್ಬುವಾಡದಲ್ಲಿ ಶೋಕೇಸು ಇಲ್ಲದವರನ್ನು ಯಾರೂ ಹೀಗಳೆಯುವುದಿಲ್ಲ. ಶೋಕೇಸು ಇದ್ದೂ ಅದರಲ್ಲಿ ತೋರಿಸಲಿಕ್ಕೆ ಏನೂ ಇಲ್ಲದವರ ಪಾಡು ಮಾತ್ರ ಯಾರಿಗೂ ಬೇಡ. ತುಳಸಿದಾಸ ತಾಂಡೇಲರು ಈ ಎರಡನೇ ವರ್ಗಕ್ಕೆ ಸೇರಿದವರು. ಅವರ ಶೋಕೇಸಿನಲ್ಲಿ ಇದ್ದದ್ದು ಯಾರೂ ಕುಡಿಯದ ಚಹದ ಕಪ್ಪುಗಳು, ಕೊಕ್ಕು ಮುರಿದ ಒಂದು ಪ್ಲಾಸ್ಟಿಕ್ ಗಿಳಿ, ಮಗಳು ಮಾನಸಾ ಪ್ರಾಥಮಿಕ ಶಾಲೆಯಲ್ಲಿ ಲಿಂಬು-ಚಮಚ ಓಟದಲ್ಲಿ ಗೆದ್ದ ಒಂದು ಕಪ್ಪು. ಅದೂ ಸಮಾಧಾನಕರ ಬಹುಮಾನ.

ಇಷ್ಟರಿಂದಲೇ ಅವರು ಬದುಕಿಕೊಳ್ಳುತ್ತಿದ್ದರೇನೋ. ಆದರೆ ಗೋಡೆಯಾಚೆ ಹರಿಶ್ಚಂದ್ರ ಮಾಸ್ತರರಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರ ಶೋಕೇಸಿನಲ್ಲಿ ಒಂದು ಹಿತ್ತಾಳೆಯ ಹಡಗಿತ್ತು. ಅವರ ಮಾಳಿಗೆಯಲ್ಲಿ ಬಾಡಿಗೆಗಿದ್ದ ನೌಕಾನೆಲೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಕೊಟ್ಟದ್ದು. ಮಾಸ್ತರರು ಅದನ್ನು ನೆಂಟರಿಗೆ ತೋರಿಸುತ್ತಿದ್ದರು, ಗ್ಯಾಸ್ ಸಿಲಿಂಡರ್ ತರುವವನಿಗೆ ತೋರಿಸುತ್ತಿದ್ದರು, ವಿಳಾಸ ತಪ್ಪಿ ಬಂದವರನ್ನೂ ಕೂರಿಸಿ ತೋರಿಸುತ್ತಿದ್ದರು. ತುಳಸಿದಾಸರಿಗಂತೂ ವಾರಕ್ಕೊಮ್ಮೆ ತೋರಿಸುತ್ತಿದ್ದರು.

"ನೋಡಿ. ಮುಟ್ಟಬೇಡಿ" ಎನ್ನುತ್ತಿದ್ದರು.

ಒಂದು ದಿನ ತುಳಸಿದಾಸರು ಮುಟ್ಟಿದರು. ಮಾಸ್ತರರು ಒಳಗೆ ಹೋಗಿ ಬಟ್ಟೆ ತಂದು, ಅವರ ಎದುರಿಗೇ ಹಡಗನ್ನು ಒರೆಸಿದರು.

ಅವತ್ತು ಸಂಜೆಯೇ ತುಳಸಿದಾಸರು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳಿಗೆ ಫೋನು ಮಾಡಿದರು. ಶೋಕೇಸಿಗೆ ಒಂದು ವಸ್ತು ಬೇಕು, ಅದು ಹಡಗಿಗಿಂತ ದೊಡ್ಡದಿರಬೇಕು, ಯಾರೋ ಕೊಟ್ಟದ್ದಾಗಿರಬಾರದು, ಕೈಯಾರೆ ಮಾಡಿದ್ದಾಗಿರಬೇಕು ಎಂದರು. ಮಾನಸಾ ಫೋನಿನಲ್ಲೇ ಹುಡುಕಿ, ಪ್ಲಾಸ್ಟಿಕ್ಕಿನ ತುಂಡುಗಳನ್ನು ಜೋಡಿಸಿ ಮಾಡುವ ಜಪಾನಿನ ಉಗಿ ಇಂಜಿನ್ನೊಂದನ್ನು ತರಿಸಿಕೊಟ್ಟಳು.

"ಅಪ್ಪಾ, ಜೋಡಿಸೂದು ಕಷ್ಟ ಅದೆ ಅಂತ ಬರೆದಿದ್ದಾರೆ" ಎಂದು ಎಚ್ಚರಿಸಿದಳು.

"ನಾನು ಇಷ್ಟು ವರ್ಷ ಸರಕಾರಿ ಕಚೇರಿಯಲ್ಲಿ ಕಡತ ಜೋಡಿಸಿದವ. ನನಗೆ ಜಪಾನಿನವ್ರು ಹೇಳೂದು ಬೇಡ" ಎಂದರು ತುಳಸಿದಾಸರು.

ಡಬ್ಬಿ ಬಂತು. ಅದರ ಮೇಲೆ ಹಿಮದ ನಡುವೆ ಹೊಗೆಯುಗುಳುತ್ತ ಧಾವಿಸಿ ಬರುವ ಕರಿಯ ಇಂಜಿನ್ನಿನ ಚಿತ್ರವಿತ್ತು. ಡಬ್ಬಿಯ ಒಳಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ತುಂಡುಗಳು ಅಂಟಿಕೊಂಡಿದ್ದ ಚೌಕಟ್ಟುಗಳು, ಚಕ್ರಗಳು, ಸರಳುಗಳು, ಇರುವೆಯಷ್ಟು ಸಣ್ಣ ಮೊಳೆಗಳು. ಹೆಂಡತಿ ವೈಜಯಂತಿ ಇಣುಕಿ ನೋಡಿ ಎದೆಗೆ ಕೈಯಿಟ್ಟುಕೊಂಡಳು.

"ಅಯ್ಯೋ, ಪೂರಾ ಚೂರಾಗಿ ಬಂದದೆ! ಬೇಗ ವಾಪಸ್ ಕಳಿಸಿ."

"ಚೂರಾದದ್ದಲ್ಲ ಮಾರಾಯ್ತಿ. ಇದನ್ನ ನಾವೇ ಜೋಡಿಸ್ಬೇಕು. ಅದೇ ಇದರ ಮಜಾ."

"ಹಾಗಾದ್ರೆ ಮೊನ್ನೆ ನಾನು ಪಿಂಗಾಣಿ ಬಸಿ ಒಡೆದಾಗ ನೀವ್ಯಾಕೆ ಕೂಗಿದ್ದು?" ಎಂದು ಕೇಳಿ ವೈಜಯಂತಿ ಒಳಗೆ ಹೋದಳು. ಈ ಪ್ರಶ್ನೆಗೆ ಉತ್ತರ ಜಪಾನೀ ಭಾಷೆಯ ಸೂಚನಾಪತ್ರದಲ್ಲಿ ಇದ್ದಿರಬಹುದು, ತುಳಸಿದಾಸರಿಗೆ ಓದಲು ಬರುತ್ತಿರಲಿಲ್ಲ.

ಹೊರಗೆ ಆಷಾಢದ ಮಳೆ. ತುಳಸಿದಾಸರು ಊಟದ ಮೇಜನ್ನು ವಶಪಡಿಸಿಕೊಂಡರು. ಅಂದಿನಿಂದ ಆ ಮನೆಯ ಊಟ ನೆಲದ ಮೇಲೆ. ಉಗುರು ಕತ್ತರಿಯಿಂದ ತುಂಡುಗಳನ್ನು ಬಿಡಿಸುವುದು, ಪಾಲಿಶ್ ಪೇಪರಿನಿಂದ ಉಜ್ಜುವುದು, ಹೆಂಡತಿ ಹುಬ್ಬು ತೀಡುವ ಚಿಮಟದಿಂದ ಹಿಡಿದು ಅಂಟಿಸುವುದು. ಬಾಯ್ಲರಿನ ಎರಡು ಹೋಳುಗಳನ್ನು ಕೂಡಿಸುವಾಗ ತಮ್ಮ ಹೆಬ್ಬೆರಳನ್ನೂ ಸೇರಿಸಿ ಅಂಟಿಸಿಕೊಂಡರು. ಆ ದಿನ ಹಾಲಿನವನ ಎದುರು ಕೈಗೆ ಬಾಯ್ಲರು ಹಾಕಿಕೊಂಡೇ ನಿಂತರು. ಚಕ್ರಗಳಿಗೆ ಹಾಕುವ ಒಂದು ಸರಳು ಕಾಣೆಯಾಗಿ ಮನೆಯೆಲ್ಲ ಗುಡಿಸಿದರೂ ಸಿಗದೆ, ಕೊನೆಗೆ ಒಣಸೆಟ್ಲೆ ಸಿಗಡಿಯ ಚಟ್ನಿಯಲ್ಲಿ ವೈಜಯಂತಿಯ ಹಲ್ಲಿಗೆ ಸಿಕ್ಕಿತು. ಅವಳು ನೋವಾಯಿತು ಎಂದಳು. ಅವರು ಸರಳು ಬಾಗಿಲ್ಲ ತಾನೆ ಎಂದು ಕೇಳಿದರು.

ಇಂಥ ಸಾಧನೆಯ ಮಧ್ಯದಲ್ಲಿ ರೋಷನನ ಫೋನು ಬಂತು.

ರೋಷನ ವೈಜಯಂತಿಯ ತಮ್ಮ. ಅಂಕೋಲೆಯ ಬೇಲೆಕೇರಿಯಲ್ಲಿ ಬೋಟು ಇಟ್ಟವನು. ಭಾವನ ಮೇಲೆ ಅವನಿಗೆ ಪ್ರೀತಿ ಇತ್ತು, ಗೌರವ ಇರಲಿಲ್ಲ. ತಾಂಡೇಲ ಎಂದರೆ ಬೋಟಿನ ಯಜಮಾನ, ಕಡಲಿನಲ್ಲಿ ದಾರಿ ತೋರಿಸುವವನು. ಆ ಹೆಸರು ಹೊತ್ತ ಅಳಿಯನನ್ನು ಮದುವೆಯ ಹೊಸದರಲ್ಲಿ ಮಾವನ ಮನೆಯವರು ಸಂಭ್ರಮದಿಂದ ಬೋಟಿಗೆ ಹತ್ತಿಸಿದ್ದರು. ಕಟ್ಟಿದ ಹಗ್ಗ ಬಿಚ್ಚುವ ಮೊದಲೇ ಅಳಿಯ ವಾಂತಿ ಮಾಡಿಕೊಂಡಿದ್ದರು. ಅಂದಿನಿಂದ ಬೇಲೆಕೇರಿಯವರು ಅವರಿಗೆ ಮೀನಿನ ದೊಡ್ಡ ತುಂಡು ಬಡಿಸುತ್ತಿದ್ದರು, ದೊಡ್ಡ ಮಾತು ಆಡುತ್ತಿರಲಿಲ್ಲ.

"ಎಂತಾ ಮಾಡ್ತಾ ಇದ್ದೀರಿ ಭಾವಾ?" ಎಂದು ರೋಷನ ಸುಮ್ಮನೆ ಕೇಳಿದ.

"ಇಂಜಿನ್ ಜೋಡಿಸ್ತಾ ಇದ್ದೇನೆ."

ರೋಷನ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಇಂಜಿನ್ನಾ? ನೀವಾ? ಎಲ್ಲಿಂದು?"

"ಜಪಾನಿಂದು. ಹೊಸಾದು. ಪ್ಯಾಕಿಂಗ್ ನಾನೇ ಬಿಚ್ಚಿದೆ."

"ಸಿಲಿಂಡರ್ ಎಷ್ಟು?"

ತುಳಸಿದಾಸರು ಎಡಕ್ಕೊಂದು ಬಲಕ್ಕೊಂದು ನೋಡಿ, "ಎರಡು" ಎಂದರು. ಸುಳ್ಳಲ್ಲ.

"ಯಾರಿಗೆ ಭಾವಾ ಇದು?"

"ಯಾರಿಗೆ ಅಂದ್ರೆ? ನಮ್ಮ ಮನೆಯವ್ರಿಗೇ. ತುಳಸಿದಾಸ ಎಂತಾ ಮಾಡಿದ ಅಂತ ಎಲ್ರೂ ಒಂದ್ಸಲ ನೋಡ್ಬೇಕು."

"ಹುಣ್ಣಿಮೆಗೆ ತಯಾರಾಗ್ತದಾ ಭಾವಾ?" ರೋಷನನ ದನಿ ಯಾಕೋ ತೊದಲಿತು.

"ಹುಣ್ಣಿಮೆ ಒಳಗೇ ಆಗ್ತದೆ. ಬಣ್ಣ ಒಣಗೂದು ಒಂದು ಬಾಕಿ."

"ನೀವು ಆರೋಗ್ಯ ನೋಡ್ಕೊಳ್ರಿ ಭಾವಾ" ಎಂದು ಹೇಳಿ ರೋಷನ ಫೋನಿಟ್ಟ. ಅವನು ಭಾವನ ಆರೋಗ್ಯದ ಬಗ್ಗೆ ಮಾತಾಡಿದ್ದು ಅದೇ ಮೊದಲು. ಬೇಲೆಕೇರಿಯವರಿಗೂ ಕಲೆಯ ಮೇಲೆ ಅಭಿಮಾನ ಹುಟ್ಟಿತಲ್ಲ ಎಂದು ತುಳಸಿದಾಸರ ಕಣ್ಣು ತೇವವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಹಬ್ಬುವಾಡದಲ್ಲಿ ನಿಂತು ಇಂಜಿನ್ ಎಂದರೆ ಜನ ಶಿರವಾಡದ ರೈಲು ನಿಲ್ದಾಣದ ಕಡೆ ಮುಖ ಮಾಡುತ್ತಾರೆ. ಬೇಲೆಕೇರಿಯಲ್ಲಿ ನಿಂತು ಇಂಜಿನ್ ಎಂದರೆ ಕಡಲಿನ ಕಡೆ ಮುಖ ಮಾಡುತ್ತಾರೆ. ರೋಷನನ ಬೋಟಿನ ಇಂಜಿನ್ನು ಹೋದ ಹಂಗಾಮಿನಲ್ಲಿ ನಡುಗಡಲಿನಲ್ಲಿ ಪದೇ ಪದೇ ನಿಂತು, ಬೇರೆಯವರ ಬೋಟಿಗೆ ಹಗ್ಗ ಕಟ್ಟಿಸಿಕೊಂಡು ದಡ ಸೇರಿತ್ತು. ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹೊಸ ಹಂಗಾಮು ಶುರುವಾಗುವಾಗ ಏನು ಮಾಡುವುದೆಂದು ಅವನು ಚಿಂತೆಯಲ್ಲಿದ್ದ. ಈಗ ಭಾವನ ಮಾತು ಕಿವಿಗೆ ಬಿದ್ದ ಕೂಡಲೇ ಓಡಿ ಹೋಗಿ ತಾಯಿಗೆ ಹೇಳಿದ.

ತಾಯಿ ಗಂಗಿ ಮೀನು ಪೇಟೆಯಲ್ಲಿ ಕೂತು ಅರ್ಧ ಅಂಕೋಲೆಗೆ ಮೀನು ತಿನ್ನಿಸಿದ ಮುದುಕಿ. ಸುದ್ದಿ ಅವಳ ಬುಟ್ಟಿಗೆ ಬಿದ್ದದ್ದೇ ತಡ, ಮರುದಿನ ಮಧ್ಯಾಹ್ನದೊಳಗೆ ಹಾರವಾಡದಿಂದ ಕೇಣಿಯವರೆಗೆ ಎಲ್ಲರಿಗೂ ಗೊತ್ತಾಯಿತು: ಗಂಗಿಯ ಅಳಿಯ ಜಪಾನಿನಿಂದ ಇಂಜಿನ್ ತರಿಸಿ, ಕೈಯಾರೆ ಜೋಡಿಸಿ, ಭಾವಮೈದುನನಿಗೆ ಕೊಡುತ್ತಾನೆ. ಗಂಗಿ ಮಗಳಿಗೂ ಫೋನು ಮಾಡಿ ಕೇಳಿದಳು.

"ಖರೇನಾ ವೈಜಯಂತಿ? ಮನೇಲೇ ಜೋಡಿಸ್ತಾ ಇದ್ದಾನಾ?"

"ಊಟದ ಮೇಜಿನ ಮೇಲೇ ಆಯಿ. ನಾವು ಉಣ್ಣೂದು ನೆಲದ ಮೇಲೆ."

"ಮೇಜು ತಡೀತದಾ?"

"ಸಾಗವಾನಿಯದ್ದಲ್ವಾ" ಎಂದಳು ವೈಜಯಂತಿ.

ಗಂಗಿಗೆ ಅಳಿಯನ ಮೇಲಿದ್ದ ಗೌರವದಲ್ಲಿ ಸ್ವಲ್ಪ ಪಾಲು ಮೇಜಿಗೂ ಹೋಯಿತು.

ಬೇಲೆಕೇರಿಯಿಂದ ಹಬ್ಬುವಾಡಕ್ಕೆ ಒಣಮೀನು ಮಾರಲು ಬರುತ್ತಿದ್ದ ಕಾಮಿ ಸುದ್ದಿಯನ್ನು ಹರಿಶ್ಚಂದ್ರ ಮಾಸ್ತರರ ಹೆಂಡತಿ ಮಂದಾಕಿನಿಗೆ ತಲುಪಿಸಿದಳು. ಪಕ್ಕದ ಮನೆಯಲ್ಲಿ ಬೋಟಿನ ಇಂಜಿನ್ನು ತಯಾರಾಗುತ್ತಿದೆ ಎಂದು ಕೇಳಿದ ಗಳಿಗೆಯಿಂದ ಮಾಸ್ತರರಿಗೆ ತಮ್ಮ ಮನೆ ಅದುರುವುದು ಅನುಭವಕ್ಕೆ ಬರತೊಡಗಿತು. ಲೋಟದ ನೀರು ನಡುಗಿತು. ಅಡುಗೆಮನೆಯ ಗೋಡೆಯಲ್ಲಿ ಒಂದು ಬಿರುಕು ಕಂಡಿತು. ಅದು ಗೃಹಪ್ರವೇಶದ ದಿನದಿಂದಲೂ ಇದ್ದ ಬಿರುಕು ಎಂದು ಮಂದಾಕಿನಿ ಹೇಳಿದರೂ ಅವರು ಒಪ್ಪಲಿಲ್ಲ. ಹಿತ್ತಾಳೆಯ ಹಡಗು ಅದುರಿ ಅದುರಿ ಪೂರ್ವಕ್ಕೆ ತಿರುಗಿದೆ ಎಂದು ಖಾತ್ರಿಯಾದ ಮೇಲೆ ಕೊಡೆ ಹಿಡಿದು ತುಳಸಿದಾಸರ ಗೇಟಿಗೆ ಬಂದರು.

"ತುಳಸಿದಾಸ, ನಿಮ್ಮ ಇಂಜಿನ್ನಿನ ಸದ್ದಿಗೆ ನನಗೆ ನಿದ್ದೆಯಿಲ್ಲ."

ತುಳಸಿದಾಸರು ಕೈಯಲ್ಲಿದ್ದ ಪಾಲಿಶ್ ಪೇಪರನ್ನು ನೋಡಿದರು. "ಅಷ್ಟು ಕೇಳ್ತದಾ ಮಾಸ್ತರೆ? ನಾನು ನಿಧಾನಕ್ಕೇ ಉಜ್ಜೂದು."

"ನೆಲ ಅದುರ್ತದೆ ಮಾರಾಯರೆ! ಒಮ್ಮೆ ಒಳಗೆ ಬಂದು ನೋಡ್ಲಾ?"

"ಪೂರ್ತಿ ಆಗೂ ತನಕ ಯಾರಿಗೂ ತೋರ್ಸೂದಿಲ್ಲ" ಎಂದು ತುಳಸಿದಾಸರು ಗೇಟು ಹಾಕಿದರು. ಒಳಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಮುಖ ಮೊದಲಿಗಿಂತ ಅಗಲವಾಗಿ ಕಂಡಿತು. ಮುಂದಿನ ದಿನಗಳಲ್ಲಿ ಉಜ್ಜುವಾಗ ಕಿಟಕಿ ಮುಚ್ಚಿಕೊಂಡರು. ಮಾಸ್ತರರು ಮನೆಯೆದುರು ಸಿಕ್ಕಾಗ ಉಪಕಾರ ಸ್ಮರಿಸಿ, "ಈಗ ಪರವಾಗಿಲ್ಲ, ಬರೇ ಮಂಚ ಅದುರ್ತದೆ" ಎಂದರು.

ಇಂಜಿನ್ನು ಮುಗಿಯಿತು. ನಿಜ ಹೇಳಬೇಕೆಂದರೆ ಅದು ಬಹಳ ಚೆನ್ನಾಗಿತ್ತು. ಮೊಳದಷ್ಟು ಉದ್ದ, ಮಿರಿಮಿರಿ ಕಪ್ಪು, ಚಕ್ರ ತಿರುಗಿಸಿದರೆ ಸರಳುಗಳು ಒಂದರ ಹಿಂದೊಂದು ನಡೆಯುವಂತೆ ಚಲಿಸುತ್ತಿದ್ದವು. ಡ್ರೈವರನ ಜಾಗದಲ್ಲಿ ಅಕ್ಕಿಕಾಳಿನಷ್ಟು ತಲೆಯ ಒಬ್ಬ ಮನುಷ್ಯನೂ ಇದ್ದ. ಅವನಿಗೆ ತುಳಸಿದಾಸರು ಸಣ್ಣ ಮೀಸೆ ಬರೆದರು. ವೈಜಯಂತಿ ಕೂಡ ಸೆರಗಿನಿಂದ ಕೈ ಒರೆಸಿಕೊಂಡು ಬಂದು, ಚಕ್ರ ತಿರುಗಿಸಿ, "ಚಂದ ಆಗದೆ, ಹೌದಾ?" ಎಂದಳು. ಗಿಳಿಯನ್ನೂ ಕಪ್ಪುಗಳನ್ನೂ ಪೆಟ್ಟಿಗೆಗೆ ತುಂಬಿ, ಇಂಜಿನ್ನನ್ನು ಶೋಕೇಸಿನ ನಡುಮಧ್ಯದಲ್ಲಿ ಇಟ್ಟು, ಉದ್ಘಾಟನೆಯವರೆಗೆ ಇರಲಿ ಎಂದು ಟವೆಲು ಮುಚ್ಚಿದರು.

ಹುಣ್ಣಿಮೆಯ ಹಿಂದಿನ ದಿನ ರೋಷನ ಫೋನು ಮಾಡಿದ. "ಭಾವಾ, ನಾಳೆ ಬೆಳಿಗ್ಗೆ ಬರ್ತೇವೆ. ಆರು ಜನ ಸಾಕಾ?"

"ಆರೇ ಯಾಕೆ, ಹತ್ತು ಜನ ಬರ್ಲಿ! ಸಮಾ ನೋಡ್ಬಹುದು" ಎಂದರು ತುಳಸಿದಾಸರು. ಮಾಸ್ತರರಿಗೂ ಅದೇ ಹೊತ್ತಿಗೆ ಬರಲು ಹೇಳಿ ಕಳಿಸಿದರು.

ಬೆಳಿಗ್ಗೆ ಮನೆಯೆದುರು ಒಂದು ಟೆಂಪೋ ನಿಂತಿತು. ಮೊದಲು ಗಂಗಿ ಇಳಿದಳು, ಕೈಯಲ್ಲಿ ಹರಿವಾಣ, ಅದರಲ್ಲಿ ತೆಂಗಿನಕಾಯಿ, ಕುಂಕುಮ, ಆಳೆತ್ತರದ ಚೆಂಡುಹೂವಿನ ಹಾರ. ಅವಳ ಹಿಂದೆ ರೋಷನ. ಆಮೇಲೆ ಬೋಟಿನ ಯಂತ್ರ ನೋಡಿಕೊಳ್ಳುವ ನಾಗು. ಆಮೇಲೆ ಎಲ್ಲರಿಗಿಂತ ಹಿರಿಯ ಖಲಾಸಿ ಕುಪ್ಪ, ಜೊತೆಗೆ ತೋಳು ಕಂಬದಂತಿದ್ದ ಮೂವರು. ಕೊನೆಗೆ ಟೆಂಪೋದೊಳಗಿಂದ ಒಂದು ದಪ್ಪ ಬಿದಿರಿನ ಗಳ ಹೊರಬಂತು. ಅದು ಬರುತ್ತಲೇ ಇತ್ತು. ಅದರ ಹಿಂದೆ ಕತ್ತದ ಹಗ್ಗದ ಸುರುಳಿ.

"ಎಲ್ಲದೆ?" ಎಂದ ಕುಪ್ಪ, ಅಂಗೈ ಉಜ್ಜಿಕೊಳ್ಳುತ್ತ.

"ಒಳಗೆ, ಶೋಕೇಸಿನಲ್ಲಿ."

ಕುಪ್ಪನಿಗೆ ಆ ಶಬ್ದ ಗೊತ್ತಿರಲಿಲ್ಲ. ಶೆಡ್ಡಿಗೆ ಪೇಟೆಯಲ್ಲಿ ಹಾಗೆ ಹೇಳುತ್ತಾರೆ ಎಂದುಕೊಂಡ. ಎಲ್ಲರೂ ಒಳಗೆ ಬಂದರು. ಗಳದ ಒಂದು ತುದಿಯೂ ಬಂತು. ತುಳಸಿದಾಸರು ಶೋಕೇಸಿನ ಪಕ್ಕದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಟವೆಲನ್ನು ಎಳೆದರು.

ಕುಪ್ಪ ಬಗ್ಗಿ ಶೋಕೇಸಿನ ಅಡಿಯಲ್ಲಿ ನೋಡಿದ. ಗೋಡೆಗೂ ಶೋಕೇಸಿಗೂ ನಡುವೆ ಕೈ ಹಾಕಿ ತಡಕಿದ. ನಾಗು ಮಾತ್ರ ಇಂಜಿನ್ನಿನ ಹತ್ತಿರ ಬಂದು, ಬೆರಳಿನಿಂದ ಒಂದು ಚಕ್ರ ತಿರುಗಿಸಿ, ವಿನಯದಿಂದ ಕೇಳಿದ:

"ಇದು ಸ್ಯಾಂಪಲ್ಲಾ?"

"ಸ್ಯಾಂಪಲ್ ಎಂತದಾ? ಇದೇ ಇಂಜಿನ್!"

"ಭಾವಾ, ಇದು ರೈಲು" ಎಂದ ರೋಷನ.

"ಮತ್ತೆ ನೀ ಎಂತಾ ಅಂದ್ಕೊಂಡಿದ್ದೆ?"

ರೋಷನ ಹೇಳಿದ. ಹೇಳುತ್ತ ಹೇಳುತ್ತ ನೆಲದ ಮೇಲೆ ಕೂತ. ಹಳೆಯ ಇಂಜಿನ್ನನ್ನು ಬೋಟಿನಿಂದ ಬಿಚ್ಚಿ ಮರಳಿನ ಮೇಲೆ ಉರುಳಿಸಿ ಆಗಿದೆ. ಇಂಜಿನ್ ಕೂರುವ ಜಾಗ ತೊಳೆದು ರಂಗೋಲಿ ಹಾಕಿ ಆಗಿದೆ. ಬೇಲೆಕೇರಿಯ ದಡದಲ್ಲಿ ಊರಿಗೆ ಊರೇ ಕಾಯುತ್ತಿದೆ. ಬ್ಯಾಂಡಿನವರೂ ಬಂದಿದ್ದಾರೆ. ಇಷ್ಟು ಕೇಳಿ ತುಳಸಿದಾಸರೂ ಭಾವಮೈದುನನ ಪಕ್ಕದಲ್ಲಿ ಕೂತರು.

"ನಾನು ಸುಳ್ಳು ಹೇಳ್ಲಿಲ್ಲ ರೋಷನಾ. ನೀ ಒಂದು ಸಲ ರೈಲಾ ಅಂತ ಕೇಳಿದ್ರೆ ಹೌದು ಅಂತಿದ್ದೆ."

"ಬೇಲೆಕೇರಿಯಲ್ಲಿ ಯಾರಾದ್ರೂ ಹಾಗೆ ಕೇಳ್ತಾರಾ ಭಾವಾ?"

ಎಲ್ಲರೂ ಗಂಗಿಯ ಕಡೆ ನೋಡಿದರು. ಅವಳು ಹರಿವಾಣ ಹಿಡಿದುಕೊಂಡೇ ಆ ಪುಟ್ಟ ಇಂಜಿನ್ನನ್ನು ಬಹಳ ಹೊತ್ತು ನೋಡಿದಳು. ಪೇಟೆಯಲ್ಲಿ ತನ್ನ ಸುತ್ತ ಕೂರುವ ಹೆಂಗಸರ ಮುಖಗಳೆಲ್ಲ ಅವಳ ಕಣ್ಣೆದುರು ಬಂದಿರಬೇಕು.

"ವೈಜಯಂತೀ, ಮನೇಲಿ ಕೌದಿ ಎಷ್ಟದೆ?"

"ಎಂತಕ್ಕೆ ಆಯಿ?"

"ಇದ್ದದ್ದೆಲ್ಲ ತಕ್ಕಂಡು ಬಾ. ಹಾಸಿಗೆ, ದಿಂಬು, ಕಂಬಳಿ. ಇಂಜಿನ್ ಹೊರ್ಲಿಕ್ಕೆ ಅಂತ ಬಂದ ಗಳ ಖಾಲಿ ಹೋಗೂದಿಲ್ಲ. ದಡ ಮುಟ್ಟಿದ ಮೇಲೆ ಮುಂದಿಂದು ನೋಡ್ವಾ."

"ಒಳಗೆ ರುಬ್ಬೋ ಕಲ್ಲು ಹಾಕ್ವಾ?" ಎಂದ ನಾಗು. "ಭಾರ ಇದ್ರೆ ಖರೇ ಕಾಣ್ತದೆ."

"ಕಲ್ಲು ಹಾಕಿದ್ರೆ ನನ್ನ ಹೆಣ ಬೀಳ್ತದೆ!" ಎಂದು ತುಳಸಿದಾಸರು ಇಂಜಿನ್ನನ್ನು ತಬ್ಬಿಕೊಂಡರು.

ಹೀಗೆ ಇಂಜಿನ್ನಿಗೆ ಮೊದಲು ಟವೆಲು, ಆಮೇಲೆ ದಿಂಬುಗಳು, ಆಮೇಲೆ ಮೂರು ತಲೆಮಾರಿನ ಕೌದಿಗಳು, ಅದರ ಮೇಲೆ ಹಾಸಿಗೆ, ಎಲ್ಲದರ ಮೇಲೆ ನೀಲಿ ತಾಡಪತ್ರಿ ಸುತ್ತಿ, ಕತ್ತದ ಹಗ್ಗದಿಂದ ಬಿಗಿದು, ಹಾರ ಹಾಕಿದರು. ನೋಡಿದರೆ ಯಾರಿಗಾದರೂ ಭಯವಾಗಬೇಕು, ಅಷ್ಟು ದೊಡ್ಡ ಗಂಟು. ಗಳಕ್ಕೆ ತೂಗುಹಾಕಿ ಆರು ಜನ ಹೆಗಲು ಕೊಟ್ಟರು. ಅದು ಒಂದೇ ಸಲಕ್ಕೆ ಚಂಗನೆ ಮೇಲೆದ್ದು ಛಾವಣಿಯ ಫ್ಯಾನಿಗೆ ತಾಗಿತು.

"ಹೆಣಭಾರ ಅದೆ ಅಂತ ಮುಖ ಮಾಡ್ರೋ!" ಎಂದು ಗಂಗಿ ಗದರಿದಳು.

ಆರು ಜನರೂ ಮೊಣಕಾಲು ಬಗ್ಗಿಸಿ, ಹಲ್ಲು ಕಚ್ಚಿ, "ಐಸಾ! ಹೊಯ್ಸಾ!" ಎನ್ನುತ್ತ ಅಂಗಳಕ್ಕೆ ಬಂದರು. ಕುಪ್ಪ ತನ್ನ ಪಾತ್ರದಲ್ಲಿ ಎಷ್ಟು ಮುಳುಗಿದ್ದನೆಂದರೆ ಅವನಿಗೆ ನಿಜವಾಗಿಯೇ ಬೆವರು ಬಂತು. ಬೀದಿಯವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಉದ್ಘಾಟನೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ ಹರಿಶ್ಚಂದ್ರ ಮಾಸ್ತರರಿಗೆ ಆ ದೃಶ್ಯ ನೋಡಿ ತಡೆಯಲಾಗಲಿಲ್ಲ.

"ಪಾಪ, ಮುದುಕನಿಗೆ ಆಗೂದಿಲ್ಲ. ಸರಿ, ನಾನೂ ಒಂದು ಕೈ ಹಿಡೀತೇನೆ!"

"ಬೇಡ ಮಾಸ್ತರೆ!" ಎಂದು ಆರು ಜನ ಒಟ್ಟಿಗೆ ಕೂಗಿದರು. ಅಷ್ಟರಲ್ಲಿ ಮಾಸ್ತರರು ಕುಪ್ಪನನ್ನು ಪಕ್ಕಕ್ಕೆ ಸರಿಸಿ, ಗಳದ ತುದಿಗೆ ಹೆಗಲು ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿಯೇ ಬಿಟ್ಟಿದ್ದರು.

ತುಳಸಿದಾಸರು ಕಣ್ಣು ಮುಚ್ಚಿಕೊಂಡರು. ಈಗ ಗುಟ್ಟು ಬಯಲಾಯಿತು ಎಂದುಕೊಂಡರು. ಏನೂ ಆಗಲಿಲ್ಲ. ಕಣ್ಣು ತೆರೆದು ನೋಡಿದರೆ ಮಾಸ್ತರರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಹರಡುತ್ತಿತ್ತು. ಇಷ್ಟು ಕಟ್ಟುಮಸ್ತಾದ ಬೆಸ್ತರು ನರಳುತ್ತಿರುವ ಭಾರ ತಮಗೆ ಹೂವಿನಂತೆ ತೋರುತ್ತಿದೆ ಎಂದರೆ ಅದಕ್ಕೆ ಒಂದೇ ಅರ್ಥ.

"ಮಂದಾಕಿನೀ!" ಎಂದು ಕೂಗಿದರು. "ಇಲ್ಲಿ ನೋಡು! ನನಗೆ ಎಂತದೂ ಗೊತ್ತೇ ಆಗೂದಿಲ್ಲ!"

"ನಿಮ್ಮ ಸೊಂಟಾ!" ಎಂದು ಮಂದಾಕಿನಿ ಕಿರುಚಿದಳು.

"ಸೊಂಟ ಗಟ್ಟಿ ಅದೆ! ಹಿಂದಿನವ್ರು ಬಿಡಿ. ಬಿಡಿ ಅಂದೆ! ನಾನೊಬ್ಬನೇ ಹೊರ್ತೇನೆ!"

ಯಾರೂ ಬಿಡಲಿಲ್ಲ. ಮಾಸ್ತರರು ಟೆಂಪೋದವರೆಗೆ ಅವರೆಲ್ಲರನ್ನೂ ಎಳೆದುಕೊಂಡೇ ಹೋದರು. ಅವರು ನಿತ್ಯ ಸಮುದ್ರದಂಡೆಯಲ್ಲಿ ಹುಡುಗರಿಗೆ ವ್ಯಾಯಾಮ ಹೇಳಿಕೊಡಲು ಶುರುಮಾಡಿದ್ದು ಆಮೇಲೆ.

ಗಂಗಿಯನ್ನೂ ವೈಜಯಂತಿಯನ್ನೂ ಮುಂದೆ ಕೂರಿಸಿಕೊಂಡು ಟೆಂಪೋ ಹೊರಟಿತು. ಗಂಟು ನಡುವೆ, ಸುತ್ತ ಆರು ಜನ, ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ತುಳಸಿದಾಸರು. ಪ್ರತಿ ಗುಂಡಿಗೂ ಅವರು "ನಿಧಾನ, ಹೊಗೆಗೂಡು!" ಎನ್ನುತ್ತಿದ್ದರು. ತೋಡೂರಿನ ಹತ್ತಿರ ಹೆದ್ದಾರಿಯಲ್ಲಿ ಒಬ್ಬ ಪೊಲೀಸನು ಕೈ ಅಡ್ಡ ಹಿಡಿದ. ಹಿಂದಕ್ಕೆ ಬಂದು ಗಂಟನ್ನು ನೋಡಿದ.

"ಎಂತಾ ಇದು?"

"ಇಂಜಿನ್" ಎಂದರು ಎಲ್ಲರೂ.

"ಯಾರದ್ದು? ಎಲ್ಲಿಂದ ಎತ್ತಿದ್ದು? ಬಿಚ್ಚಿ."

ತಾಡಪತ್ರಿ ಬಿಚ್ಚಲಾಯಿತು. ಹಾಸಿಗೆ ಸರಿಯಿತು. ಒಂದು ಕೌದಿ, ಇನ್ನೊಂದು ಕೌದಿ, ಮತ್ತೊಂದು. ಪೊಲೀಸನ ಕೈ ಲಾಠಿಯ ಮೇಲೆ ಹೋಯಿತು. ಹಿಂದೆ ಸಾಲಾಗಿ ನಿಂತ ಲಾರಿಗಳು ಹಾರ್ನು ಹೊಡೆದವು. ದಿಂಬುಗಳು ಬಂದವು. ಕೊನೆಗೆ ಟವೆಲು. ಪೊಲೀಸನು ಬಗ್ಗಿ ನೋಡಿದ. ಮೀಸೆಯ ಪುಟ್ಟ ಡ್ರೈವರು ಅವನನ್ನು ನೋಡಿದ. ಪೊಲೀಸನು ತಲೆಯೆತ್ತಿ ಗಳ ನೋಡಿದ, ಹಾರ ನೋಡಿದ, ಒಬ್ಬೊಬ್ಬರ ತೋಳು ನೋಡಿದ.

"ಇದಕ್ಕೆ ಆರು ಜನಾ?"

"ಇನ್ನೂ ಇಬ್ರು ಬೇಕಿತ್ತು ಸಾಹೇಬ್ರೆ" ಎಂದ ಕುಪ್ಪ, ಇನ್ನೂ ಏದುಸಿರು ಬಿಡುತ್ತ.

ಪೊಲೀಸನು ತಾನೇ ಟವೆಲು ಹೊದಿಸಿ, ದಿಂಬು ಇಟ್ಟು, ಕೌದಿ ಸುತ್ತಿ, ಹಗ್ಗಕ್ಕೆ ಒಳ್ಳೆಯ ಗಂಟು ಹಾಕಿಕೊಟ್ಟ. "ನಾನು ಎಂತದೂ ನೋಡ್ಲಿಲ್ಲ" ಎಂದು ಮೆಲ್ಲಗೆ ಹೇಳಿ, ಲಾರಿಗಳನ್ನು ತಡೆದು, ಟೆಂಪೋಗೆ ದಾರಿ ಮಾಡಿಸಿ ಕಳಿಸಿದ.

ಬೇಲೆಕೇರಿಯ ದಡದಲ್ಲಿ ಬ್ಯಾಂಡು ಬಾರಿಸಿತು. ಜನ ಜೈಕಾರ ಹಾಕಿದರು. ಆರು ಜನ ನರಳುತ್ತ ಗಂಟನ್ನು ತಂದು, ಮರಳಿನಲ್ಲಿ ಮಕಾಡೆ ಬಿದ್ದಿದ್ದ ಹಳೆಯ ಇಂಜಿನ್ನಿನ ಎದುರಿಗೆ ಇಳಿಸಿದರು. ಗಂಗಿಯ ಪೇಟೆಯ ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿದ್ದರು. ಅವರ ಪೈಕಿ ಸುಕ್ರಿ ಎಂಬುವಳು, ಗಂಗಿಯ ಹಳೆಯ ಪ್ರತಿಸ್ಪರ್ಧಿ, ಸೊಂಟಕ್ಕೆ ಕೈಯಿಟ್ಟು, "ಬಿಚ್ಚಿ ತೋರ್ಸು, ಕಣ್ತುಂಬ ನೋಡ್ವಾ" ಎಂದಳು.

ರೋಷನ ಭಾವನನ್ನು ನೋಡಿದ. ಭಾವ ಕಡಲನ್ನು ನೋಡಿದರು. ಕಡಲಿಗೆ ಇದರ ಬಗ್ಗೆ ಏನೂ ಗೊತ್ತಿರಲಿಲ್ಲ.

"ಅಷ್ಟು ಅವಸರ ಯಾಕೆ?" ಎಂದಳು ಗಂಗಿ. ಅವಳು ಬುದ್ಧಿ ಓಡಿಸುತ್ತಿದ್ದಾಳೆಂದು ವೈಜಯಂತಿಗೆ ಮಾತ್ರ ಗೊತ್ತಾಯಿತು. "ಹೊಸಾದನ್ನ ಬಿಚ್ಚೂ ಮೊದ್ಲು ಹಳೇದರ ಅಪ್ಪಣೆ ಬೇಕು. ಇಷ್ಟು ವರ್ಷ ಅನ್ನ ಕೊಟ್ಟದ್ದಲ್ವಾ? ಅದನ್ನ ನೆಟ್ಟಗೆ ಕೂರ್ಸಿ. ಕುಂಕುಮ ಹಚ್ಚಿ. ನಾಗೂ, ಕಡೇ ಸಲ ಒಂದು ಸುತ್ತು ಹ್ಯಾಂಡಲ್ ತಿರ್ಗಿಸು."

ಇಂಥ ಪದ್ಧತಿ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಹಾಗಂತ ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಹಳೆಯ ಇಂಜಿನ್ನನ್ನು ಎತ್ತಿ ಕೂರಿಸಿದರು. ಕಾಯಿ ಒಡೆದರು. ನಾಗು ಹ್ಯಾಂಡಲ್ ಹಾಕಿ, ಹೋದ ಹಂಗಾಮಿನಲ್ಲಿ ತಾನು ಸುರಿಸಿದ ಬೆವರನ್ನೆಲ್ಲ ನೆನೆದು, ಆಸೆಯಿಲ್ಲದೆ ಒಂದು ಸುತ್ತು ತಿರುಗಿಸಿದ.

ಡುಗ್. ಡುಗ್ ಡುಗ್. ಡುಗುಡುಗುಡುಗುಡುಗು!

ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿದರು. ಇಂಜಿನ್ನು ಒಂದೇ ಹದದಲ್ಲಿ, ಹೊಸ ಮದುಮಗನ ಎದೆಯಂತೆ ಬಡಿದುಕೊಳ್ಳುತ್ತಿತ್ತು. ನೀರಿಲ್ಲದೆ ಬಹಳ ಹೊತ್ತು ಓಡಿಸಬಾರದೆಂದು ನಾಗು ಆರಿಸಿದ. ಮತ್ತೆ ತಿರುಗಿಸಿದ. ಮತ್ತೆ ಹತ್ತಿತು. ಉರುಳಿಸುವಾಗ ಪೆಟ್ಟು ಬಿದ್ದು ಒಳಗಿನ ಕೊಳೆ ಎಲ್ಲೋ ಸಡಿಲಾಗಿರಬೇಕು ಎಂದು ಅವನು ರೋಷನನ ಕಿವಿಯಲ್ಲಿ ಹೇಳಿದ. ಅದನ್ನು ಕೇಳುವವರಾದರೂ ಯಾರು? ಗಂಗಿ ಆಗಲೇ ಜನರ ಕಡೆ ತಿರುಗಿ ಘೋಷಿಸಿಯಾಗಿತ್ತು:

"ನೋಡಿದ್ರಾ? ಸವತಿ ಬಂದು ಎದುರಿಗೆ ಕೂತ್ಲು ಅಂತ ಗೊತ್ತಾದದ್ದೇ ತಡ, ಎದ್ದು ಕೂತ್ಲು!"

ಜನ ಹೋ ಎಂದರು. ಸುಕ್ರಿ ಕೂಡ ಹೌದೆಂದು ತಲೆಯಾಡಿಸಿದಳು, ಅವಳಿಗೆ ಆ ವಿಷಯದಲ್ಲಿ ಅನುಭವವಿತ್ತು. ಮಧ್ಯಾಹ್ನದೊಳಗೆ ಹಳೆಯ ಇಂಜಿನ್ನು ಬೋಟಿನಲ್ಲಿ ತನ್ನ ಜಾಗಕ್ಕೆ ಮರಳಿತು. ಹುಣ್ಣಿಮೆಯ ಕಾಯಿ ಕಡಲಿಗೆ ಬಿತ್ತು. ರೋಷನನ ಬೋಟು ಒಮ್ಮೆಯೂ ಕೆಮ್ಮದೆ ಹೋಗಿ, ಬಂಗಡೆ ತುಂಬಿಕೊಂಡು ಬಂತು. ತುಳಸಿದಾಸರು ಗಂಟಿನ ಹಗ್ಗಕ್ಕೆ ಕೈ ಹಾಕಿದಾಗ ಗಂಗಿ ಅವರ ಕೈ ಹಿಡಿದಳು.

"ಅಳಿಯಾ, ಇದು ಇಲ್ಲೇ ಇರ್ಲಿ. ಬಿಚ್ಚೂದು ಬೇಡ. ಹಳೇದಕ್ಕೆ ಹೆದ್ರಿಕೆ ಇರ್ಬೇಕು."

ಬೇಲೆಕೇರಿಯಲ್ಲಿ ಅವತ್ತು ತುಳಸಿದಾಸರಿಗೆ ಬಡಿಸಿದ ಮೀನಿನ ತುಂಡು ತಟ್ಟೆಯಿಂದ ಹೊರಗೆ ಚಾಚಿತ್ತು. ಅವರು ಹೆಚ್ಚು ತಿನ್ನಲಿಲ್ಲ.

ಕೆಲವು ವಾರ ಕಳೆದವು. ತಾವು ಮಳೆಗಾಲವೆಲ್ಲ ಕೂತು ಮಾಡಿದ ಇಂಜಿನ್ನನ್ನು ಒಬ್ಬರಾದರೂ ಸರಿಯಾಗಿ ನೋಡಲಿಲ್ಲ ಎಂಬ ದುಃಖ ತುಳಸಿದಾಸರನ್ನು ತಿನ್ನುತ್ತಿತ್ತು. ಒಂದು ರವಿವಾರ ಬಸ್ಸು ಹತ್ತಿ ಬೇಲೆಕೇರಿಗೆ ಹೋದರು. ಗಂಟು ಅಲ್ಲಿರಲಿಲ್ಲ. ಕೇಣಿಯಲ್ಲಿ ಯಾರದೋ ಬೋಟು ಹಟ ಹಿಡಿದಿತ್ತೆಂದು ಒಯ್ದಿದ್ದರು. ಕೇಣಿಗೆ ಹೋದರೆ, ಅಲ್ಲಿ ಕೆಲಸ ಮುಗಿಸಿ ಒಂದು ಐಸ್ ಕಾರ್ಖಾನೆಗೆ ಹೋಗಿತ್ತು. ಕಾರ್ಖಾನೆಯವರು ಅಂಕೋಲೆ ಪೇಟೆಯ ಅಕ್ಕಿ ಗಿರಣಿಯೊಂದರ ದಾರಿ ತೋರಿಸಿದರು.

ಗಿರಣಿಯಲ್ಲಿ ಗಂಟು ಇತ್ತು. ಕೆಟ್ಟು ನಿಂತ ಯಂತ್ರದ ಎದುರು, ಮಣೆಯ ಮೇಲೆ, ಮೊದಲಿಗಿಂತ ದಪ್ಪವಾಗಿ. ಎರಡು ಹೊಸ ಕೌದಿ, ಒಂದು ಜರಿಯ ಶಾಲು, ತಾಜಾ ಹಾರ. ಊದುಬತ್ತಿ ಉರಿಯುತ್ತಿತ್ತು. ಗಿರಣಿಯ ಯಜಮಾನ ಕೈಕಟ್ಟಿ ನಿಂತಿದ್ದ. ತುಳಸಿದಾಸರು ಗಂಟಿನ ಹತ್ತಿರ ಹೋದದ್ದೇ ಅವನು ಅಡ್ಡ ಬಂದ.

"ಏ, ಮುಟ್ಟಬಾರ್ದು! ಒಳಗಿಂದು ನೋಡಿದವ್ರ ಗಾಡಿ ಜನ್ಮದಲ್ಲಿ ಚಾಲೂ ಆಗೂದಿಲ್ಲಂತೆ."

"ಇದು ನಂದು ಮಾರಾಯಾ. ನಾನೇ ಮಾಡಿದ್ದು."

"ಹೋದ ವಾರ ಬಂದವ್ರೂ ಹಾಗೇ ಹೇಳಿದ್ರು."

"ಖರೇ ಹೇಳ್ತೇನೆ. ಒಳಗೆ ಒಂದು ರೈಲು ಅದೆ."

ಯಜಮಾನ ಅವರನ್ನು ಕನಿಕರದಿಂದ ನೋಡಿದ. "ಯಾವ ರೈಲು? ಹುಬ್ಬಳ್ಳಿಯಿಂದ ಬರ್ತದೆ ಬರ್ತದೆ ಅಂತ ಸರಕಾರ ಹೇಳೂದಾ? ನಮ್ಮ ಅಜ್ಜ ಸಾಯೂ ತನಕ ಕಾದು ಹೋದ. ಸುಮ್ನಿರಿ."

ಅಷ್ಟರಲ್ಲಿ ಒಳಗಿನಿಂದ ಆಳು ಗುಂಡಿ ಒತ್ತಿದ. ಯಂತ್ರ ಒಮ್ಮೆ ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದು ಹತ್ತಿಕೊಂಡಿತು. ಬತ್ತದ ಧೂಳು ಎದ್ದಿತು. ಗಿರಣಿಗೆ ಬಂದಿದ್ದ ಹೆಂಗಸರೆಲ್ಲ ಗಂಟಿಗೆ ಕೈಮುಗಿದರು. ಆ ಗದ್ದಲದಲ್ಲಿ ತುಳಸಿದಾಸರು ಮೆಲ್ಲಗೆ ಕೌದಿಗಳ ನಡುವೆ ಮೊಣಕೈವರೆಗೆ ಕೈ ತೂರಿಸಿದರು. ದಿಂಬು ಸಿಕ್ಕಿತು, ಟವೆಲು ಸಿಕ್ಕಿತು. ಆಮೇಲೆ ಬೆರಳ ತುದಿಗೆ ತಣ್ಣಗಿನ ಚಕ್ರ ತಾಗಿತು. ಒಂದಿಷ್ಟು ತಿರುಗಿಸಿ ನೋಡಿದರು. ಸರಳು ಹಿಂದೆಯೇ ನಡೆದು ಬಂತು. ಏನೂ ಮುರಿದಿರಲಿಲ್ಲ.

"ಮುಟ್ಟಿದ್ರಲ್ಲಾ!" ಎಂದು ಯಜಮಾನ ಕೂಗಿದ. ಹೆಂಗಸರೆಲ್ಲ ತಿರುಗಿ ನೋಡಿದರು. "ಮುಟ್ಟಿದವ್ರು ಒಂದು ತೆಂಗಿನಕಾಯಿ ಒಡೀಬೇಕು. ಇಲ್ದಿದ್ರೆ ನಮ್ಮ ಗಿರಣಿ ನಿಂತು ಹೋಗ್ತದೆ."

ತುಳಸಿದಾಸರು ಕೈ ಹೊರತೆಗೆದರು. ಚಪ್ಪಲಿ ಹಾಕಿಕೊಂಡು, "ನೀರು ಇರೂ ಕಾಯಿ ಎಲ್ಲಿ ಸಿಗ್ತದೆ?" ಎಂದು ಕೇಳಿ, ಅಂಗಡಿಯ ಕಡೆ ನಡೆದರು.